ಮೊದಲ ಅಲೆ ಏರಿದವನ ಅಕ್ಕ

ರೇಡಿಯೋದಲ್ಲಿ ತಮ್ಮನ ಹೆಸರು ಬಂದಾಗ ಮರ್ಲೀನ್ ಗಿಟನ್ಸ್ ಚರ್ಚಿನ ಬಲಿಪೀಠಕ್ಕೆ ಹಾಸುವ ಬಿಳಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಬಾರ್ಬಡೋಸಿನ ರೇಡಿಯೋದಲ್ಲಿ ಆ ಹೊತ್ತಿಗೆ ಓದುವುದು ಸತ್ತವರ ಹೆಸರು. ಹಾಗಾಗಿ ತಮ್ಮ ಹೋದ ಅಂತಲೇ ಅವಳು ತಿಳಿದಳು. ಕೈ ನಿಂತಿತು. ಕರಿ ಉಡುಪು ಯಾವ ಪೆಟ್ಟಿಗೆಯಲ್ಲಿದೆ ಎಂಬ ಯೋಚನೆಯೂ ಬಂದು ಹೋಯಿತು. ಅಷ್ಟರಲ್ಲಿ ಬೇಲಿಯಾಚೆಯ ಮನೆಯಿಂದ, ಸತ್ತವನು ಗಂಟಲು ಕ್ಯಾಕರಿಸಿ ಉಗಿದದ್ದು ಕೇಳಿಸಿತು.

ಮರ್ಲೀನ್ ರೇಡಿಯೋದ ಕಿವಿ ತಿರುವಿ ದನಿ ಏರಿಸಿದಳು.

"ಗಿಲ್ಸ್ ಬೇಯ ಈ ವಿನ್‌ಫೀಲ್ಡ್ ಗಿಟನ್ಸ್ ಅವರೇ ನಮ್ಮ ಪೂರ್ವ ಕರಾವಳಿಯಲ್ಲಿ ಮೊಟ್ಟಮೊದಲು ಹಲಗೆಯ ಮೇಲೆ ನಿಂತು ಅಲೆ ಏರಿದವರು. ಬರಿಗಾಲಿನ ಆ ಬಡ ಹುಡುಗನ ಸಾಹಸವನ್ನು ಲಂಡನ್ನಿನ ತಂಡವೊಂದು ಈಗ ಚಿತ್ರ ಮಾಡುತ್ತಿದೆ. ಸರ್ಫಿಂಗ್ ಎಂಬ ಹೆಸರೇ ಗೊತ್ತಿಲ್ಲದ ಕಾಲದಲ್ಲಿ..."

ಸುಟ್ಟ ವಾಸನೆ ಬಂದಾಗಲೇ ಅವಳು ಕೆಳಗೆ ನೋಡಿದ್ದು. ಬಲಿಪೀಠದ ಬಟ್ಟೆಯ ನಟ್ಟನಡುವೆ ಇಸ್ತ್ರಿಪೆಟ್ಟಿಗೆ ತನ್ನ ಕಂದು ಹೆಜ್ಜೆ ಊರಿತ್ತು.

ಗಿಲ್ಸ್ ಬೇಯಲ್ಲಿ ಕಡಲ ಪಕ್ಕ ಮನೆ ಮಾಡುವುದೆಂದರೆ ಉಪ್ಪಿಗೆ ಮನೆ ಬಿಟ್ಟುಕೊಟ್ಟ ಹಾಗೆ. ಕಿಟಕಿಯ ತಿರುಗಣಿ, ಫ್ರಿಜ್ಜಿನ ಬೆನ್ನು, ಬಸ್ಸಿನ ಮೆಟ್ಟಿಲು, ಗೋರಿಯ ಮೇಲಿನ ಶಿಲುಬೆಯ ಮೊಳೆ, ಎಲ್ಲವನ್ನೂ ಅದು ನೆಕ್ಕಿ ನೆಕ್ಕಿ ತಿನ್ನುತ್ತದೆ. ಇದೇ ಗಾಳಿಗೆ ಮೂಗೊಡ್ಡಿ ಆಹಾ ಎನ್ನಲು ಬಿಳಿಯರು ಸಾಗರ ದಾಟಿ ಬರುತ್ತಾರೆ. ಅವರ ಫ್ರಿಜ್ಜು ಅವರ ಊರಿನಲ್ಲಿ ಕ್ಷೇಮವಾಗಿರುತ್ತದೆ.

ಕಡಲ ಪಕ್ಕದ ದಿಬ್ಬದ ಮೇಲೆ ಒಂದಕ್ಕೊಂದು ಬೆನ್ನು ಕೊಟ್ಟ ಎರಡು ಮರದ ಮನೆಗಳಲ್ಲಿ ಅಕ್ಕ ತಮ್ಮ ಇದ್ದರು. ಮರ್ಲೀನ್ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದೇ ಮುದುಕಿಯಾದವಳು. ಮದುವೆ ಬೇಡವೆಂದೇ ಬದುಕಿದವಳು. ಕೇಳಲು ಬಂದವರಿಬ್ಬರನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ್ದಳು. ಈಗ ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆ. ದಡದಲ್ಲಿ ತುಂಡು ಬಟ್ಟೆ ತೊಟ್ಟು ಓಡಾಡುವ ಹುಡುಗಿಯರಿಗೆ, ಅವರು ಊರಿನವರಾಗಲಿ ಪರದೇಶದವರಾಗಲಿ, ಮೈ ಮುಚ್ಚಿಕೊಳ್ಳಲು ಹೇಳುವ ಅಧಿಕಾರವನ್ನು ತಾನೇ ತೆಗೆದುಕೊಂಡಿದ್ದಳು. ವಿನ್‌ಫೀಲ್ಡ್ ಬ್ರಿಜ್‌ಟೌನಿನ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು. ಕಡಲಿಗೂ ಅವನಿಗೂ ಇದ್ದ ಸಂಬಂಧ ಕಾಲು ತೊಳೆಯುವಷ್ಟು. ಉಳಿದ ಹೊತ್ತೆಲ್ಲ ಸೆಲ್ವಿನ್ನನ ರಮ್ ಅಂಗಡಿಯಲ್ಲಿ ಡಾಮಿನೋ ಬಿಲ್ಲೆಗಳನ್ನು ಮೇಜಿಗೆ ಕುಟ್ಟುತ್ತಾ, ಬಸ್ಸಿನಲ್ಲಿ ತಾನು ಹೆರಿಗೆ ಮಾಡಿಸಿದ ಹೆಂಗಸರ ಸಂಖ್ಯೆಯನ್ನು ವರ್ಷಕ್ಕಿಷ್ಟು ಏರಿಸುತ್ತಾ ಕಳೆಯುತ್ತಿದ್ದ.

ಹಲಗೆ ಇದ್ದದ್ದು ನಿಜ. ಅಲೆ ಏರಿದ್ದೂ ನಿಜ. ಏರಿದವಳು ಮರ್ಲೀನ್.

ಅವಳಿಗೆ ಆಗ ಹನ್ನೆರಡೋ ಹದಿಮೂರೋ. ಅಜ್ಜಿಯ ಮುರುಕು ಮಂಚದ ತಲೆಹಲಗೆಯನ್ನು ಹೊತ್ತುಕೊಂಡು, ಅಮ್ಮ ಕಬ್ಬಿನ ಗದ್ದೆಗೆ ಹೋದ ಮೇಲೆ ಕಡಲಿಗೆ ಇಳಿಯುತ್ತಿದ್ದಳು. ಮೊದಲು ಹೊಟ್ಟೆಯ ಮೇಲೆ, ಆಮೇಲೆ ಮೊಣಕಾಲ ಮೇಲೆ, ಒಂದು ದಿನ ನಿಂತೇ ಬಿಟ್ಟಳು. ಮೈಮೇಲೆ ಇರುತ್ತಿದ್ದದ್ದು ಮೈದಾ ಚೀಲದಲ್ಲಿ ಅಮ್ಮ ಹೊಲಿದ ಚಡ್ಡಿಯೊಂದೇ. ಎಷ್ಟು ಒಗೆದರೂ ಹೋಗದ ಗಿರಣಿಯ ಮುದ್ರೆ ಹಿಂದುಗಡೆ ಅಚ್ಚಾಗಿತ್ತು: ಉತ್ತಮ ದರ್ಜೆ. ಇವಳ ಫ್ರಾಕು ಗಾಳಿಗೆ ಹಾರದಂತೆ ಅದರ ಮೇಲೆ ಕೂತಿರುವುದು ಆರು ವರ್ಷದ ವಿನ್‌ಫೀಲ್ಡನ ಕೆಲಸ. ಮಳೆಗಾಲವೊಂದರಲ್ಲಿ ಅಮ್ಮ ಆ ಹಲಗೆಯನ್ನು ಸೀಳಿ ಒಲೆಗೆ ಹಾಕಿದಳು. ಸೌದೆಗೆ ಬೇಕಿತ್ತು, ಹಾಕಿದಳು, ಅಷ್ಟೇ. ಮರ್ಲೀನ್ ಎರಡು ದಿನ ಅತ್ತಳು. ಆಮೇಲೆ ಮೈ ಬೆಳೆಯಿತು, ಚರ್ಚು ಸಿಕ್ಕಿತು, ಸೌಟು ಸಿಕ್ಕಿತು. ಅಧ್ಯಕ್ಷೆಯಾದ ಮೇಲಂತೂ ಮೈದಾ ಚೀಲದ ಚಡ್ಡಿಯ ಹುಡುಗಿ ಯಾರೋ, ತಾನು ಯಾರೋ.

ಲಂಡನ್ನಿನಿಂದ ಬಂದವನ ಹೆಸರು ಟಾರ್ಕ್ವಿಲ್. ಅದಕ್ಕೆ ನಾಲಿಗೆ ಹೊರಳದ ಊರು ಅವನನ್ನು ಟರ್ಟಲ್ ಅಂದಿತು. ಆಮೆ. ಆಮೆಯೂ ಅದಕ್ಕೆ ಓಗೊಟ್ಟಿತು. ಹರಿದ ಪ್ಯಾಂಟು, ಅದರ ಹರುಕಿಗೆ ದುಬಾರಿ ಹೊಲಿಗೆ, ಕೊರಳಲ್ಲಿ ಶಾರ್ಕಿನ ಹಲ್ಲು. ಜೊತೆಗೆ ಮಾತೇ ಆಡದ ಒಬ್ಬ ಕ್ಯಾಮೆರಾದ ಹುಡುಗಿ. ಈ ಕರಾವಳಿಯ ಅಲೆಗಳಿಗೆ ಒಬ್ಬ ಮೂಲಪುರುಷ ಇರಲೇಬೇಕು ಎಂದು ವಿಮಾನ ಹತ್ತುವ ಮೊದಲೇ ನಿರ್ಧರಿಸಿಕೊಂಡು ಬಂದಿದ್ದ ಆಮೆ, ಸೆಲ್ವಿನ್ನನ ಅಂಗಡಿಗೆ ಬಂದು, "ಇಲ್ಲಿ ಹಿಂದಿನ ಕಾಲದಲ್ಲಿ ಅಲೆ ಏರ್ತಿದ್ದೋರು ಯಾರಾದ್ರೂ ಬದುಕಿದಾರಾ?" ಎಂದು ಕೇಳಿದ.

ಬಾಟಲಿ ಒರೆಸುತ್ತಿದ್ದ ಸೆಲ್ವಿನ್ ತಲೆ ಎತ್ತಲಿಲ್ಲ. ವಿನ್‌ಫೀಲ್ಡನ ಕೈಯಲ್ಲಿ ಸೋಲುವ ಆಟವೊಂದಿತ್ತು. ಅವನು ಬಿಲ್ಲೆಗಳನ್ನು ಬೋರಲು ಹಾಕಿ, ಕಿಟಕಿಯಾಚೆಯ ಕಡಲನ್ನು ಬಹಳ ಹೊತ್ತು ನೋಡಿ, "ಬದುಕಿದಾರೆ ಅಂತಲೇ ಇಟ್ಕೊಳ್ಳಿ," ಅಂದ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವನು ಆಮೆ. ಕಟ್ಟಿದ. ಮುಂದಿನ ವಾರದೊಳಗೆ ಮಂಚದ ಹಲಗೆ ದೋಣಿಯ ಹಲಗೆಯಾಯಿತು, ದೋಣಿ ಗುಲಾಮರ ಹಡಗಾಯಿತು, ಅಲೆ ತೆಂಗಿನ ಮರದಷ್ಟು ಎತ್ತರವಾಯಿತು. ಅದು ರೇಡಿಯೋಗೂ ಮುಟ್ಟಿತು.

ಸುಟ್ಟ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮರ್ಲೀನ್ ಬೇಲಿಯ ಹತ್ತಿರ ಹೋದಳು.

"ವಿನ್‌ಫೀಲ್ಡ್."

"ಹ್ಞೂಂ ಅಕ್ಕ." ದನಿ ಮನೆಯೊಳಗಿಂದ ಬಂತು. ಮನುಷ್ಯ ಬರಲಿಲ್ಲ.

"ನಿನ್ನ ಬಗ್ಗೆ ರೇಡಿಯೋದಲ್ಲಿ ಬಂತು."

"ಕೇಳಿಸ್ಕೊಂಡೆ."

"ಸತ್ತೋರ ಹೆಸರಿನ ಜೊತೆ ಓದಿದ್ರು. ಸತ್ತಿದ್ರೆ ಮರ್ಯಾದೆ ಆದ್ರೂ ಉಳೀತಿತ್ತು."

ಒಂದೆರಡು ದಿನ ವಿನ್‌ಫೀಲ್ಡ್ ಬೇಲಿಯ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಮೀನಿನ ವಡೆಗೆ ಹಿಟ್ಟು ಕಲಸುತ್ತಿದ್ದ ಅಕ್ಕನ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಟೋಪಿ ಕೈಯಲ್ಲಿತ್ತು. ಅದು ಸಾಲ ಕೇಳುವಾಗಿನ ಭಂಗಿ ಎಂದು ಅವಳಿಗೆ ಗೊತ್ತು, ಆದರೆ ಮುಖದ ಮೇಲೆ ಇನ್ನೂ ದೊಡ್ಡ ಕಷ್ಟವಿತ್ತು.

"ಅಕ್ಕ, ಶನಿವಾರ ನನಗೆ ಅಲೆ ಮೇಲೆ ನಿಲ್ಲು ಅಂತಾನೆ."

"ಯಾರು?"

"ಆಮೆ. ಮಾತು ಸಾಕಷ್ಟಾಯ್ತಂತೆ. ಈಗ ದೇಹ ಮಾತಾಡ್ಬೇಕಂತೆ."

ಮರ್ಲೀನ್ ಹಿಟ್ಟು ಕಲಸುವುದನ್ನು ನಿಲ್ಲಿಸಲಿಲ್ಲ. "ಮಂಡಿ ನೋವು ಅನ್ನು."

"ಅಂದೆ. ನೋವಿನಲ್ಲೂ ಒಂದು ಸೌಂದರ್ಯ ಇರುತ್ತೆ ಅಂದ."

"ಹಾಗಾದ್ರೆ ಸುಳ್ಳು ಹೇಳ್ದೆ ಅಂತ ಒಪ್ಕೋ."

ವಿನ್‌ಫೀಲ್ಡ್ ಸ್ಟೂಲಿನ ಮೇಲೆ ಕೂತ. ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ. ಅದೇ ಅವಳಿಗೆ ಆಶ್ಚರ್ಯ. "ಅಕ್ಕ, ನಿಜ ಹೇಳ್ಲಾ? ಹೇಳಿ ಹೇಳಿ ಈಗ ನನಗೆ ನೆನಪೇ ಇದೆ. ಕಣ್ಣು ಮುಚ್ಚಿದ್ರೆ ಕಾಲ ಕೆಳಗೆ ಹಲಗೆ ನಡುಗೋದು ಗೊತ್ತಾಗುತ್ತೆ."

"ನಿನ್ನ ಕೆಳಗೆ ಇದ್ದದ್ದು ನನ್ನ ಫ್ರಾಕು ಕಣೋ. ಅದೂ ಕಾಲ ಕೆಳಗಲ್ಲ."

"ಊರಲ್ಲಿ ಹೇಳ್ಬಿಡ್ತೀಯಾ?"

ಹೇಳಬಹುದಿತ್ತು. ಹೇಳಬೇಕೆಂದರೆ ಮೈದಾ ಚೀಲದಿಂದ ಶುರು ಮಾಡಬೇಕಿತ್ತು. ಕಳೆದ ಭಾನುವಾರವಷ್ಟೇ ಸಂಘದ ಸಭೆಯಲ್ಲಿ ಅವಳು ಸ್ತ್ರೀಯರ ಸಂಕೋಚದ ಬಗ್ಗೆ ಅರ್ಧ ಗಂಟೆ ಮಾತಾಡಿದ್ದಳು. "ನನಗ್ಯಾಕೆ ನಿಮ್ಮ ಉಸಾಬರಿ," ಅಂದಳು ಮರ್ಲೀನ್. "ಆದ್ರೆ ನಮ್ಮನೆ ಹೆಸರು ಹಿಡ್ಕೊಂಡು ಮುಳುಗ್ಬೇಡ. ಆ ಇಸ್ತ್ರಿ ಹಲಗೆ ಅಂಗಳಕ್ಕೆ ತಗೊಂಡು ಬಾ."

ಕಾಲು ಮಡಚಿದ ಇಸ್ತ್ರಿ ಹಲಗೆಯನ್ನು ಹುಲ್ಲಿನ ಮೇಲೆ ಮಲಗಿಸಿ, ಅದರ ಮೇಲೆ ತಮ್ಮನನ್ನು ಬೋರಲು ಮಲಗಿಸಿದಳು. ಎರಡೂ ಕೈ ಎದೆಯ ಪಕ್ಕ ಊರಿ ಒಂದೇ ಏಟಿಗೆ ಎದ್ದು ನಿಲ್ಲಬೇಕು ಅಂದಳು. ವಿನ್‌ಫೀಲ್ಡ್ ಹಸು ಎದ್ದ ಹಾಗೆ ಎದ್ದ: ಮೊದಲು ಹಿಂದಿನ ಭಾಗ, ಆಮೇಲೆ ಯೋಚನೆ, ಕೊನೆಗೆ ತಲೆ.

"ಹಲಗೆ ಸರಿಯಿಲ್ಲ," ಅಂದ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಇನ್ನೊಂದು ಸಲ."

"ಅಕ್ಕ, ಎಡಗಾಲು ಮುಂದೋ ಬಲಗಾಲೋ?"

"ನಿನ್ನ ಯಾರಾದ್ರೂ ಹಿಂದಿನಿಂದ ನೂಕಿದ್ರೆ ಯಾವ್ದು ಮುಂದೆ ಬರುತ್ತೋ ಅದು."

"ಯಾರೂ ನೂಕಿಲ್ಲವಲ್ಲ."

ಮರ್ಲೀನ್ ನೂಕಿದಳು. ಬಲಗಾಲು ಬಂತು. ಹಲಗೆಯ ಜೊತೆ ಅವನೂ ಬೇಲಿಯವರೆಗೆ ಹೋದ.

ತೋರಿಸದೆ ಇದು ಆಗುವುದಿಲ್ಲ ಅನ್ನಿಸಿ, ರಸ್ತೆಯ ಕಡೆ ಒಮ್ಮೆ ನೋಡಿ, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಅವಳೇ ಹಲಗೆಯ ಮೇಲೆ ಹತ್ತಿದಳು. ಮಂಡಿ ತಾನಾಗಿ ಬಾಗಿತು. ಸೊಂಟ ತನ್ನ ಜಾಗ ಹುಡುಕಿಕೊಂಡಿತು. ತೋಳುಗಳು ಯಾರೂ ಹೇಳದೆ ಅಗಲವಾದವು. ಒಂದು ಗಳಿಗೆ ಅವಳು ಹಾಗೇ ನಿಂತಳು, ಇಳಿಯಲು ಮನಸ್ಸಾಗಲಿಲ್ಲ. ತಮ್ಮ ಬಾಯಿ ತೆರೆದು ನೋಡುತ್ತಿದ್ದ.

"ನೋಡಿದ್ಯಾ?" ಅಂದಳು, ಲಂಗ ಬಿಡಿಸಿಕೊಳ್ಳುತ್ತಾ.

"ನೋಡ್ದೆ. ನಾನೂ ಥೇಟ್ ಹೀಗೇ ನಿಲ್ತಿದ್ದೆ."

ಮರ್ಲೀನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶನಿವಾರ ಊರಿಗೆ ಊರೇ ದಡದಲ್ಲಿತ್ತು. ಕಡಲದ್ರಾಕ್ಷಿಯ ಪೊದೆಗಳ ನೆರಳಿನಲ್ಲಿ ಹಂದಿಮಾಂಸದ ಉಪ್ಪಿನಕಾಯಿ, ಗೆಣಸಿನ ಕಡುಬು, ಮೀನಿನ ವಡೆ ಸಿಕ್ಕಿಸಿದ ಬನ್ನು ಬಿಸಿಬಿಸಿಯಾಗಿ ಖರ್ಚಾಗುತ್ತಿದ್ದವು. ಸೆಲ್ವಿನ್ ಐಸಿನ ಪೆಟ್ಟಿಗೆ ಹೊತ್ತು ಅಂಗಡಿಯನ್ನೇ ಮರಳಿನ ಮೇಲೆ ತಂದಿಟ್ಟಿದ್ದ. ಶುಭ ಸುದ್ದಿ ಕೇಳುವುದಕ್ಕಿಂತ ಒಬ್ಬ ಪರಿಚಿತ ಮನುಷ್ಯ ಮುಳುಗುವುದನ್ನು ನೋಡಲು ಜನ ಹೆಚ್ಚು ಉತ್ಸಾಹದಿಂದ ಬರುತ್ತಾರೆ. ಕಡಲು ಆವತ್ತು ಒರಟಾಗಿತ್ತು. ನಿಜವಾಗಿ ಅಲೆ ಏರುವ ಹುಡುಗರಲ್ಲಿ ದೊಡ್ಡವನಾದ ಜಾವಾನ್ ತನ್ನ ಅಗಲವಾದ ಹಳೇ ಹಲಗೆಯನ್ನು ವಿನ್‌ಫೀಲ್ಡನಿಗೆ ಕೊಟ್ಟು, "ಅಂಕಲ್, ಬಿಳಿ ನೊರೆ ದಾಟಿ ಆಚೆ ಹೋಗ್ಬೇಡಿ. ಹೋದ್ರೆ ಆಫ್ರಿಕಾ," ಅಂದ.

"ನಿಮ್ಮಪ್ಪ ಹುಟ್ಟೋಕೆ ಮುಂಚೆ ನಾನು ಆಚೆ ಹೋಗಿ ಬಂದಿದ್ದೀನಿ," ಅಂದ ವಿನ್‌ಫೀಲ್ಡ್. ಕ್ಯಾಮೆರಾ ಓಡುತ್ತಿತ್ತು.

ಆಮೆ ಅವನ ಅಂಗಿ ಬಿಚ್ಚಿಸಿತು. ಹೊಟ್ಟೆ ಕಂಡ ಮೇಲೆ ಮತ್ತೆ ಹಾಕಿಸಿತು. ಮರ್ಲೀನ್ ಬಿಸಿಲಿಗೆ ಚರ್ಚಿನ ಅಗಲ ಟೋಪಿ ಹಾಕಿಕೊಂಡು, ಇದಕ್ಕೂ ತನಗೂ ಸಂಬಂಧವಿಲ್ಲ ಎನ್ನುವಂತೆ ದೂರ ನಿಂತಿದ್ದಳು.

ವಿನ್‌ಫೀಲ್ಡ್ ಹಲಗೆಯ ಮೇಲೆ ಬೋರಲಾಗಿ ಕೈ ಬಡಿದ. ಜನ ಚಪ್ಪಾಳೆ ತಟ್ಟಿದರು. ಮೊದಲ ನೊರೆ ಅವನ ಮುಖಕ್ಕೆ ಬಡಿದು ಮೂರು ಮಾರು ಹಿಂದಕ್ಕೆ ತಂದಿತು. ಎರಡನೆಯದು ಹಲಗೆಯನ್ನು ಅವನ ಮೇಲೆ ಹತ್ತಿಸಿತು. ಜನ ಹೊಟ್ಟೆ ಹಿಡಿದು ನಕ್ಕರು. ಮೂರನೆಯ ಸಲ ನೀರು ಎಳೆದಾಗ ಮಾತ್ರ ಮರ್ಲೀನ್ ನಗುವುದನ್ನು ಬಿಟ್ಟಳು. ದಡದ ದೊಡ್ಡ ಬಂಡೆಯ ಎಡಕ್ಕೆ ನೀರು ನುಣ್ಣಗೆ, ಸುಕ್ಕಿಲ್ಲದೆ, ಒಳಗೆ ಹೋಗುತ್ತಿತ್ತು. ನೋಡಿದವರಿಗೆ ಅದು ಕಡಲಿನ ಅತ್ಯಂತ ಶಾಂತವಾದ ಜಾಗ. ತಮ್ಮ ಅದರೊಳಗೆ ಸಿಕ್ಕಿಕೊಂಡು, ದಡದ ಕಡೆಗೆ ಕೈ ಬಡಿಯುತ್ತಾ, ದಡದಿಂದ ದೂರ ಹೋಗುತ್ತಿದ್ದ. ಬೀಸುತ್ತಿದ್ದ ಅವನ ಕೈಗೆ ಜನ ತಿರುಗಿ ಕೈ ಬೀಸುತ್ತಿದ್ದರು.

ಅವಳು ಚಪ್ಪಲಿಯನ್ನೂ ಬಿಡದೆ ನೀರಿಗೆ ನುಗ್ಗಿದಳು.

"ಅಡ್ಡಕ್ಕೆ ಬಾರೋ ಕತ್ತೆ!" ಶಾಲೆಯ ಅಡುಗೆಮನೆಯಿಂದ ಆಟದ ಮೈದಾನದ ಕೊನೆಗೆ ಮುಟ್ಟುತ್ತಿದ್ದ ದನಿ ಅದು. "ನೇರ ಬರ್ಬೇಡ, ಅಡ್ಡಕ್ಕೆ! ಬಲಕ್ಕೆ! ಊಟ ಮಾಡೋ ಕೈ ಕಡೆಗೆ!"

ಸೊಂಟದವರೆಗೆ ನೀರು, ಎದೆಯವರೆಗೆ ನೀರು. ಹುಡುಗನಾಗಿದ್ದಾಗಿನಿಂದ ಆ ದನಿಗೆ ಹೆದರಿ ಅಭ್ಯಾಸವಿದ್ದ ವಿನ್‌ಫೀಲ್ಡ್, ಬಲಕ್ಕೆ ತಿರುಗಿದ. ನಾಲ್ಕು ಕೈ ಬಡಿತ, ಆರು, ಮತ್ತೆ ನೊರೆಯ ಸಾಲು ಸಿಕ್ಕಿತು. ಅಲೆಯೊಂದು ಅವನನ್ನು ಹಿಂದಿನಿಂದ ಎತ್ತಿತು. ಅವನು ಹಲಗೆಯನ್ನು ಎರಡೂ ಕೈಯಿಂದ ಅಪ್ಪಿಕೊಂಡು, ಕಣ್ಣು ಮುಚ್ಚಿ, ದೇವರಿಗೋ ಅಮ್ಮನಿಗೋ ಏನೋ ಹೇಳುತ್ತಾ, ಹೊಟ್ಟೆಯ ಮೇಲೇ ದಡದವರೆಗೆ ಬಂದ.

ಅದೇ ಅಲೆ ಮರ್ಲೀನಳ ಕಾಲನ್ನೂ ನೆಲದಿಂದ ಎತ್ತಿತು. ಎತ್ತುವ ಮುಂಚೆ ಅವಳ ಮೈ ತಿರುಗಿತ್ತು. ಕೈ ಮುಂದಕ್ಕೆ ಚಾಚಿ, ಬೆನ್ನು ಬಿಗಿದು, ಹಲಗೆಯಿಲ್ಲದೆ, ಅರವತ್ತೇಳರ ಆ ಹೆಂಗಸು ಲಂಗದ ಸಮೇತ ಅಲೆಯ ಹೆಗಲ ಮೇಲೆ ಜಾರುತ್ತಾ ಬಂದು ಮರಳಿಗೆ ಮೊಣಕಾಲೂರಿದಳು. ಬಾಯಲ್ಲಿ ಉಪ್ಪು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಐವತ್ತಕ್ಕೂ ಹೆಚ್ಚು ವರ್ಷ ಈ ನೀರನ್ನು ಬರೀ ಕಿಟಕಿಯಿಂದ ನೋಡಿದೆನಲ್ಲ ಎಂದು ಅವಳಿಗೆ ಒಮ್ಮೆಲೇ ಕೋಪ ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಹತ್ತಿರದಲ್ಲಿ ಸಿಕ್ಕವನು ವಿನ್‌ಫೀಲ್ಡ್. ಅವನ ಚಡ್ಡಿಯ ಪಟ್ಟಿ ಹಿಡಿದು ಒಣ ಮರಳಿಗೆ ದರದರ ಎಳೆದಳು.

ಕ್ಯಾಮೆರಾ ವಿನ್‌ಫೀಲ್ಡ್ ಕೆಮ್ಮುವುದನ್ನು ತೆಗೆಯುತ್ತಿತ್ತು. ಅವಳು ಬಂದ ಅಲೆಯನ್ನು ಯಾರೂ ನೋಡಿರಲಿಲ್ಲ. ಐಸಿನ ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ ಸೆಲ್ವಿನ್ನನ ಕೈಯಲ್ಲಿ ತೆರೆದ ಬಾಟಲಿಯೊಂದು ಸೋರುತ್ತಾ ಇತ್ತು.

ಆಮೆ ಓಡಿ ಬಂದ. "ಅದ್ಭುತ," ಅಂದ ವಿನ್‌ಫೀಲ್ಡನಿಗೆ. ಆಮೇಲೆ ಮರ್ಲೀನಳಿಗೆ, "ಅಮ್ಮಾ, ನೀವು ಸ್ವಲ್ಪ ಆ ಕಡೆ ನಿಲ್ತೀರಾ, ಬೆಳಕಿಗೆ ಅಡ್ಡ ಬರ್ತಾ ಇದ್ದೀರಿ."

ಚಿತ್ರ ತಯಾರಾಗಿ ಊರಿಗೆ ಬಂದದ್ದು ಕಬ್ಬು ಕಡಿದು ಮುಗಿದ ಮೇಲೆ. ಚರ್ಚಿನ ಸಭಾಂಗಣದಲ್ಲಿ ಆಮೆಯೇ ಮುಂದೆ ನಿಂತು ಬಿಳಿ ಪರದೆ ಕಟ್ಟಿಸಿದ. ಪ್ರವಾಸೋದ್ಯಮದ ಕಚೇರಿಯಿಂದ ಟೈ ಕಟ್ಟಿದವರೊಬ್ಬರು ಬಂದಿದ್ದರು. ಫಾದರ್ ಲಾಶ್ಲಿ ಮುಂದಿನ ಸಾಲಿನಲ್ಲಿ, ಅವರ ಪಕ್ಕ ಸಂಘದ ಅಧ್ಯಕ್ಷೆಯಾಗಿ ಮರ್ಲೀನ್, ಅವಳ ಪಕ್ಕ ಹೊಸ ಬೂಟಿನಲ್ಲಿ ವಿನ್‌ಫೀಲ್ಡ್.

ಪರದೆಯ ಮೇಲೆ ವಿನ್‌ಫೀಲ್ಡ್ ನಿಧಾನ ಗತಿಯಲ್ಲಿ ಕಡಲಿಗೆ ನಡೆದ. ಹಿಂದೆ ಡೋಲು ಬಾರಿಸುತ್ತಿದ್ದರು. ಗಿಲ್ಸ್ ಬೇಯಲ್ಲಿ ಡೋಲು ಇದ್ದವರೇ ಇಲ್ಲ. ಅವನು ಹಲಗೆಯನ್ನು ಅಪ್ಪಿಕೊಂಡು ಬರುವಾಗ ಆಮೆಯ ದನಿ ಹೇಳಿತು: "ಎಲ್ಲರೂ ಅಲೆಯ ಮೇಲೆ ನಿಲ್ಲುತ್ತಾರೆ. ಮೂಲಪುರುಷ ನಿಲ್ಲುವುದಿಲ್ಲ. ಅವನು ನಮಸ್ಕರಿಸುತ್ತಾನೆ." ಟೈ ಕಟ್ಟಿದವರು ತಲೆಯಾಡಿಸಿದರು.

ಆಮೇಲೆ ನೀರಿನಲ್ಲಿ ಎದೆಯವರೆಗೆ ನಿಂತ ಮರ್ಲೀನ್ ಕಂಡಳು. ಬಾಯಿ ಅಗಲವಾಗಿ ತೆರೆದಿತ್ತು. ಕಡಲಿನ ಸದ್ದಿನಲ್ಲಿ ಅವಳ ಮಾತು ಕೇಳುತ್ತಿರಲಿಲ್ಲ, ಆದರೆ ಅಡಿಯಲ್ಲಿ ಅಕ್ಷರಗಳು ಮೂಡಿದವು: ಕಡಲ ತಾಯೇ, ನನ್ನವನನ್ನು ನನಗೆ ಮರಳಿ ಕೊಡು. ಆಮೆಯ ದನಿ ಇನ್ನಷ್ಟು ಇಳಿಯಿತು: "ಈ ಕರಾವಳಿಯ ಹೆಂಗಸರು ತಲೆತಲಾಂತರದಿಂದ ನೀರಿಗೆ ಹೆದರುತ್ತಾ ಬಂದಿದ್ದಾರೆ. ಆದರೆ ಆ ದಿನ ಅವನ ಹೆಂಡತಿ ಮರ್ಲೀನ್..."

ಹಿಂದಿನ ಸಾಲಿನಲ್ಲಿ ಜಾವಾನ್ ಕುರ್ಚಿಯಿಂದ ಕೆಳಗೆ ಬಿದ್ದ. ನಗು ಅಲ್ಲಿಂದ ಸಾಲು ಸಾಲಾಗಿ ಮುಂದಕ್ಕೆ ಬಂತು. ಫಾದರ್ ಲಾಶ್ಲಿ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಭುಜ ಮಾತ್ರ ಕುಣಿಯುತ್ತಿತ್ತು.

ಮರ್ಲೀನ್ ಎದ್ದು ನಿಂತಳು. ದೀಪ ಹಾಕಿದರು.

"ಮಿಸ್ಟರ್ ಆಮೆ," ಅಂದಳು. "ಇವನು ನನ್ನ ತಮ್ಮ. ಇವನಂಥ ಗಂಡ ಸಿಗ್ತಾನೆ ಅಂತ್ಲೇ ನಾನು ಮದುವೆ ಆಗದೆ ಉಳಿದದ್ದು."

ನಗು ಮತ್ತೆ ಎದ್ದಿತು. ಆಮೆ ಕೆಂಪಗಾಗಿ, ಚಿತ್ರ ಈಗಾಗಲೇ ದೇಶದೇಶಕ್ಕೆ ಹೋಗಿದೆ, ಬದಲಾಯಿಸಲು ಬರುವುದಿಲ್ಲ, ಆದರೆ ಭಾವನೆಯ ಮಟ್ಟದಲ್ಲಿ ಅದು ಸತ್ಯವೇ ಎಂದು ಏನೇನೋ ಹೇಳಿದ.

ಅಷ್ಟಕ್ಕೇ ಕೂರಬಹುದಿತ್ತು. ಕೂರಲು ಬಗ್ಗಿದಳು ಕೂಡ. ನೀರಿಗೆ ಹೆದರುವ ಹೆಂಗಸು ಎಂಬ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತ್ತು. ಮತ್ತೆ ನೆಟ್ಟಗಾದಳು.

"ಇನ್ನೊಂದು ಮಾತು. ಆ ಹಲಗೆ ನಮ್ಮಜ್ಜಿ ಮಂಚದ್ದು. ಅಲೆ ಏರ್ತಿದ್ದೋಳು ನಾನು. ನಿಂತು. ಮೈದಾ ಚೀಲದ ಚಡ್ಡಿ ಹಾಕ್ಕೊಂಡು. ಹಿಂದುಗಡೆ ಉತ್ತಮ ದರ್ಜೆ ಅಂತ ಬರೆದಿತ್ತು."

ಗಿಲ್ಸ್ ಬೇಯ ಸಭಾಂಗಣ ಅಂಥ ನಗುವನ್ನು ಕಂಡಿರಲಿಲ್ಲ. ಜನ ಒಬ್ಬರ ಮೇಲೊಬ್ಬರು ಒರಗಿದರು. ಸಂಘದ ಕಾರ್ಯದರ್ಶಿಗೆ ಬಿಕ್ಕಳಿಕೆ ಹತ್ತಿತು. ಮರ್ಲೀನ್ ಗಿಟನ್ಸ್ ಜನ್ಮದಲ್ಲಿ ಮೊದಲ ಸಲ ಹಾಸ್ಯ ಮಾಡಿದ್ದಾಳೆ ಎಂದೇ ಎಲ್ಲರೂ ತಿಳಿದರು. ಅವಳು ನಿಂತೇ ಇರುವುದನ್ನು ನೋಡಿದ ಮೇಲೆ ನಗು ಮೆಲ್ಲಗೆ ಇಳಿದು, ಅದಕ್ಕಿಂತ ಕೆಟ್ಟದ್ದೊಂದು ಅದರ ಜಾಗಕ್ಕೆ ಬಂತು: ಕನಿಕರ.

ವಿನ್‌ಫೀಲ್ಡ್ ಎದ್ದು ಅಕ್ಕನ ಹೆಗಲ ಮೇಲೆ ಕೈಯಿಟ್ಟ. "ಅಕ್ಕ ಹೇಳೋದ್ರಲ್ಲಿ ಸ್ವಲ್ಪ ನಿಜ ಇದೆ," ಅಂದ, ಬಹಳ ಮೃದುವಾಗಿ. "ದಿನಾ ನನ್ನ ಜೊತೆ ಬರ್ತಿದ್ಲು ಪಾಪ. ನನ್ನ ಬಟ್ಟೆ ಕಾಯ್ತಾ ಕೂತಿರ್ತಿದ್ಲು."

ಜನ ಚಪ್ಪಾಳೆ ತಟ್ಟಿದರು. ಟೈ ಕಟ್ಟಿದವರು ವಿನ್‌ಫೀಲ್ಡನಿಗೆ ಅಲೆಯ ಚಿತ್ರವಿದ್ದ ನೀಲಿ ಜಾಕೆಟ್ಟು ತೊಡಿಸಿದರು. ಮರ್ಲೀನ್ ಸಾಲುಗಳ ನಡುವೆ ನಡೆದು ಹೊರಗೆ ಹೋಗುವಾಗ ಸೆಲ್ವಿನ್ನನ ಮುಖ ನೋಡಿದಳು. ಅವನು ನಗುತ್ತಿರಲಿಲ್ಲ. ತನ್ನ ಬೂಟುಗಳನ್ನು ನೋಡುತ್ತಿದ್ದ.

ಮರುದಿನ ಅಂಗಡಿಗೆ ಹೋದಳು. ಆ ಬಾಗಿಲನ್ನು ಅವಳು ದಾಟಿದ್ದು ಅದೇ ಮೊದಲು. ಡಾಮಿನೋ ಆಡುತ್ತಿದ್ದವರು ಬಿಲ್ಲೆ ಹಿಡಿದುಕೊಂಡೇ ಹೊರಗೆ ಹೋದರು.

"ನಿನಗೆ ಗೊತ್ತಿತ್ತು," ಅಂದಳು.

ಸೆಲ್ವಿನ್ ಗಾಜಿನ ಲೋಟದಲ್ಲಿ ಕಹಿ ತೊಗಟೆಯ ಶರಬತ್ತು ಸುರಿದು ಅವಳ ಮುಂದಿಟ್ಟ. "ಬಂಡೆ ಹಿಂದೆ ಕೂತು ನೋಡ್ತಿದ್ದೆ. ಸುಳ್ಳು ಯಾಕೆ ಹೇಳ್ಲಿ, ದಿನಾ ನೋಡ್ತಿದ್ದೆ. ನಾನು ಓದೋಕೆ ಕಲ್ತದ್ದೇ ಆ ಉತ್ತಮ ದರ್ಜೆ ಅನ್ನೋದ್ರಿಂದ."

"ನಿನ್ನೆ ಬಾಯಿಗೆ ಏನಾಗಿತ್ತು?"

ಅವನು ಕಿಟಕಿಯ ಕಡೆ ಗಲ್ಲ ತೋರಿಸಿದ. ಹೊರಗೆ ಹೊಸ ಫಲಕ: ಮೂಲಪುರುಷ ಕೂರುವ ಜಾಗ. ಅದರಡಿ ಸುಟ್ಟ ಮೂಗಿನ ಏಳೆಂಟು ಪರದೇಶಿಗಳು ಬಿಯರ್ ಬಾಟಲಿ ಹಿಡಿದು ವಿನ್‌ಫೀಲ್ಡ್ ಬರುವುದನ್ನೇ ಕಾಯುತ್ತಿದ್ದರು.

"ಮರ್ಲೀನ್, ನಿಜ ಕೇಳ್ಕೊಂಡು ಯಾರೂ ಎರಡನೇ ಬಿಯರ್ ತಗೊಳ್ಳಲ್ಲ."

ಅವಳು ಶರಬತ್ತನ್ನು ಪೂರ್ತಿ ಕುಡಿದಳು, ಲೋಟವನ್ನು ಬೋರಲು ಇಟ್ಟಳು. "ಬಂಡೆ ಹಿಂದೆ ಕೂರೋನು ಕೊನೇವರೆಗೂ ಬಂಡೆ ಹಿಂದೇನೇ," ಅಂದು ಹೊರಟಳು.

ಊರು ಅವಳನ್ನು ಸ್ವಲ್ಪ ದಿನ "ಮಿಸೆಸ್ ಗಿಟನ್ಸ್" ಅಂದು ಕರೆಯಿತು. ಸಂಘದ ಹುಡುಗಿಯರು ಈಗ ತುಂಡು ಬಟ್ಟೆಯಲ್ಲೇ ಅವಳ ಮುಂದೆ ಹಾದು ಹೋಗುತ್ತಿದ್ದರು, ಅವಳೂ ಏನೂ ಹೇಳುತ್ತಿರಲಿಲ್ಲ. ವಿನ್‌ಫೀಲ್ಡ್ ಬಾದಾಮಿ ಮರದಡಿ ಅಲೆ ಏರಲು ಕಲಿಸುವ ಶಾಲೆ ತೆರೆದ. ನೀಲಿ ಜಾಕೆಟ್ಟು ತೊಟ್ಟು ಕುರ್ಚಿಯಲ್ಲಿ ಕೂತು ಕಡಲಿನ ಕಡೆ ಕೈ ತೋರಿಸುವುದು ಅವನ ಪಾಠ. ಒದ್ದೆಯಾಗುವುದು ಶಿಷ್ಯರ ಪಾಲು.

ಒಂದು ಸಂಜೆ ಮರ್ಲೀನ್ ಜಗಲಿಯಲ್ಲಿ ತೊಗರಿಕಾಯಿ ಸುಲಿಯುತ್ತಿದ್ದಾಗ ಅವನು ಬಂದ. ಟೋಪಿ ಮತ್ತೆ ಕೈಯಲ್ಲಿತ್ತು.

"ಅಕ್ಕ, ಇನ್ನೂ ಮುನಿಸಾ?"

"ಬುಟ್ಟಿ ಹಿಡ್ಕೋ."

ಹಿಡಿದುಕೊಂಡ. "ಇವತ್ತು ಒಬ್ಳು ಕೇಳಿದ್ಲು," ಅಂದ. "ಇಷ್ಟು ಅಲೆ ಬರುತ್ತಲ್ಲ, ಇದೇ ಏರೋ ಅಲೆ ಅಂತ ಹೇಗೆ ಗೊತ್ತಾಗುತ್ತೆ ಅಂತ. ನಾಳೆ ಹೇಳ್ತೀನಿ ಅಂದೆ." ಗಂಟಲು ಸರಿ ಮಾಡಿಕೊಂಡ. "ಹೇಗೆ ಗೊತ್ತಾಗುತ್ತೆ?"

ಮರ್ಲೀನ್ ಕಡಲನ್ನು ನೋಡಿದಳು. ಅದು ಅವಳಿಗೆ ಗೊತ್ತಿತ್ತು. ಕಣ್ಣಿಗೆ ಕಾಣುವ ಮೊದಲೇ ಹೊಟ್ಟೆಯ ಕೆಳಗೆ ನೀರು ಒಂದು ಉಸಿರು ಒಳಗೆ ಎಳೆದುಕೊಳ್ಳುತ್ತದೆ. ಎಲ್ಲ ಅಲೆಗೂ ಅಲ್ಲ, ಒಂದೊಂದಕ್ಕೆ ಮಾತ್ರ. ಆ ಉಸಿರು ಗೊತ್ತಾದರೆ ಆಮೇಲೆ ಯೋಚಿಸುವುದಕ್ಕೆ ಏನೂ ಇರುವುದಿಲ್ಲ. ಬಾಯಿಯ ತುದಿಯವರೆಗೆ ಬಂದಿತ್ತು. ಪಕ್ಕದಲ್ಲಿ ಕೂತವನ ನೀಲಿ ಜಾಕೆಟ್ಟನ್ನು ನೋಡಿದಳು. ಹಲಗೆ ಕೊಟ್ಟಾಯಿತು, ಅಲೆ ಕೊಟ್ಟಾಯಿತು, ಫ್ರಾಕಿನ ಮೇಲೆ ಕೂತಿದ್ದ ಅವನ ಕೆಲಸವನ್ನೂ ತಾನು ಹೊತ್ತಾಯಿತು. ಇದೊಂದನ್ನು ಕೊಡಲಿಲ್ಲ.

"ನಾಯಿ," ಅಂದಳು.

"ನಾಯಿ?"

"ನಾಯಿಗೆ ಮೊದ್ಲು ಗೊತ್ತಾಗುತ್ತೆ. ದಡದಲ್ಲಿ ನಾಯಿ ಬೊಗಳಿದ ಮೇಲೆ ಮೂರನೇ ಅಲೆ. ಎರಡು ನಾಯಿ ಬೊಗಳಿದ್ರೆ ಬಿಟ್ಬಿಡು, ಅದು ಅಪಶಕುನ. ಅಜ್ಜಿ ಹೇಳ್ಕೊಟ್ಟಿದ್ದು."

"ಹೌದಲ್ವಾ," ಅಂದ ವಿನ್‌ಫೀಲ್ಡ್, ಕಣ್ಣು ಕಿರಿದು ಮಾಡಿ, ನೆನಪು ಹುಡುಕುತ್ತಾ. ಹುಡುಕಿದ, ಸಿಕ್ಕಿತು. "ಹೌದು ಹೌದು. ಕಂದು ನಾಯಿ ಒಂದಿತ್ತು."

"ಇತ್ತು. ಮೂರು ಕಾಲಿಂದು."

"ಮೂರೇ ಕಾಲು ಅದಕ್ಕೆ," ಅಂದು ಅವನು ತೃಪ್ತಿಯಿಂದ ಎದ್ದು ಹೋದ.

ಮರುದಿನ ಬೆಳಗ್ಗೆ ಮರ್ಲೀನ್ ಕಾಫಿ ಲೋಟ ಹಿಡಿದು ಜಗಲಿಗೆ ಬಂದಾಗ, ಬಿಳಿ ನೊರೆಯಾಚೆ ಹನ್ನೆರಡು ಜನ ಹಲಗೆಗಳ ಮೇಲೆ ಸಾಲಾಗಿ ಕೂತಿದ್ದರು. ಎಲ್ಲರ ಬೆನ್ನು ಕಡಲಿಗೆ, ಎಲ್ಲರ ಕಿವಿ ದಡಕ್ಕೆ. ಅವರ ಹಿಂದೆ ಒಂದಾದ ಮೇಲೊಂದು ಅಲೆ, ಅವಳು ಕಂಡ ಅತ್ಯುತ್ತಮ ಅಲೆಗಳು, ನೀಲಿಯಾಗಿ ಎದ್ದು, ಅವರನ್ನು ಮೇಲೆತ್ತಿ ಕೆಳಗಿಳಿಸಿ, ಯಾರನ್ನೂ ಏರಿಸಿಕೊಳ್ಳದೆ ಬಂದು ಒಡೆಯುತ್ತಿದ್ದವು. ಆಮೆ ತನ್ನ ಮುಂದಿನ ಚಿತ್ರಕ್ಕೆಂದು ಮತ್ತೆ ಬಂದಿದ್ದವನು, ಬಾದಾಮಿ ಮರದಡಿ ವಿನ್‌ಫೀಲ್ಡನ ಮುಂದೆ ಮಂಡಿಯೂರಿ ಕ್ಯಾಮೆರಾ ಹಿಡಿಸುತ್ತಿದ್ದ. ಸೆಲ್ವಿನ್ನನ ಮುದಿ ನಾಯಿ ಅವರಿಬ್ಬರ ನಡುವೆ ಬಿದ್ದುಕೊಂಡು ನಿದ್ದೆ ಹೊಡೆಯುತ್ತಿತ್ತು.

ಮರ್ಲೀನ್ ಲೋಟವನ್ನು ಕಟ್ಟೆಯ ಮೇಲಿಟ್ಟಳು. ರಸ್ತೆಯ ಕಡೆ ನೋಡಿದಳು. ಯಾರೂ ಇರಲಿಲ್ಲ. ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ಶಾಲೆಯ ಮೈದಾನದ ಕೊನೆಗೆ ಮುಟ್ಟುತ್ತಿದ್ದ ಆ ದನಿಯಲ್ಲಿ, ಒಮ್ಮೆ ಬೊಗಳಿದಳು.

ಹನ್ನೆರಡು ಜನ ಒಟ್ಟಿಗೆ ಬೋರಲು ಬಿದ್ದು ಕೈ ಬಡಿಯತೊಡಗಿದರು.